ನೊರಿಗ್ಯಾಕ ನಾಚಿಕಿ?

ನಮ್ಮ ನೆಗೆಣ್ಣಿಗೆ ಹನ್ನೆರಡು ವರ್ಷದಿಂದ ಸಕ್ಕರಿ ಬ್ಯಾನಿ ಅದ. ಮೂತ್ರದಾಗ ನೊರಿ ಬರತದ ಅಂತ ಆರು ತಿಂಗಳು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. "ಇದನ್ನೇನು ಗಂಡಸರ ಮುಂದ ಹೇಳೋದ್ರಿ ಅಕ್ಕಾ?" ಅಂದ್ಲು. ನನಗ ಸಿಟ್ಟೇ ಬಂತು. ಮೊಣಕಾಲು ನೋವಿಗೆ ಅಂಗಡಿ ಗುಳಿಗಿ ತರಿಸಿ ನುಂಗಲಿಕ್ಕೆ ನಾಚಿಕಿ ಇಲ್ಲ, ಇದಕ್ಕ ನಾಚಿಕಿ! (ಆ ನೋವಿನ ಗುಳಿಗಿ ದಿನಾ ನುಂಗಿದ್ರ ಅದೂ ಕಿಡ್ನಿಗೆ ಪೆಟ್ಟೇ.)

ಜೋರಾಗಿ ಹೋದಾಗ ಏಳೋ ಗುಳ್ಳಿ ಸ್ವಲ್ಪ ಹೊತ್ತಿಗೆ ಒಡದು ಹೋಗತಾವ. ಸಂಡಾಸಕ್ಕ ಹಾಕಿದ ಫಿನಾಯಿಲ್‌ನಿಂದಲೂ ನೊರಿ ಏಳತದ. ಅದಕ್ಕ ಹೆದರಬ್ಯಾಡ್ರಿ. ಆದ್ರ ದಿನಾಲೂ ಮಜ್ಜಿಗಿ ಕಡದಂಗ ದಟ್ಟ ನೊರಿ ನಿಂತೇ ಇದ್ರ, ಕಿಡ್ನಿಯ ಜರಡಿ ಸೋರಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೊರಗ ಹೊಂಟಿರಬಹುದು. ಸಕ್ಕರಿ, ಬಿಪಿ ಇದ್ದವರಿಗೆ ಇದು ಹೆಚ್ಚು.

ರಕ್ತದಾಗ ಕ್ರಿಯಾಟಿನಿನ್ ಸರಿ ಅದ ಅಂತ ಸುಮ್ಮನ ಕೂಡಬಾರದು, ಅದು ಏರೋದು ತಡಾ. ಮೂತ್ರದ ಎಸಿಆರ್ ಪರೀಕ್ಷಾ ಮಾಡಸ್ರಿ, 30ರ ಒಳಗಿದ್ರ ಛಲೋ. ಸಕ್ಕರಿ ಇದ್ದವರು ನೊರಿ ಇಲ್ಲದಿದ್ರೂ ವರ್ಷಕ್ಕೊಮ್ಮೆ ಮಾಡಸಬೇಕು. ಬ್ಯಾಳಿ ಬಿಡು ಅಂತ ಓಣಿಯವರು ಅಂದ್ರ ಬಿಡಬ್ಯಾಡ್ರಿ, ಡಾಕ್ಟರ್ ಹೇಳಲಿ.

ನೆಗೆಣ್ಣಿದು 180 ಬಂತು. ಬಿಪಿ ಗುಳಿಗಿ ಬದಲಿಸ್ಯಾರ, ಮೂರು ತಿಂಗಳಿಗೆ ಮತ್ತ ಪರೀಕ್ಷಾ ಅದ. ಈ ಸಲ ಆಕಿ ಜೋಡಿ ನಾನೂ ಕೊಟ್ಟು ಬರಾಕಿ.