ಎತ್ತು ಏರಿಗೆ, ಕೋಣ ನೀರಿಗೆ

ಮಕ್ಕಳೇ, ಹೋದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ನನ್ನ ಮೊಮ್ಮಗ ಒಂದು ಚೀಟಿ ಹಿಡಿದುಕೊಂಡು ಬಂದು ನನ್ನ ಕುರ್ಚಿಯ ಪಕ್ಕ ನಿಂತ. ಅವನು ಒಂದನೇ ತರಗತಿಗೆ ಸೇರಿದಾಗ ಅವನ ಹೆಸರಿನಲ್ಲಿ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಮಾಡಿಸಿದ್ದೆ. ಹತ್ತು ವರ್ಷಕ್ಕೆ ಅಸಲು 60,000. ಬಡ್ಡಿ ಸೇರಿ 84 ಸಾವಿರದ ಆಸುಪಾಸು ಆಗಿತ್ತು.

“ತಾತ, ಆ ದುಡ್ಡಲ್ಲಿ ನಾನೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸ್ತೀನಿ. ಓವರ್‌ಕ್ಲಾಕ್ ಮಾಡೋಕೆ ಬರೋ ಅಂಥದ್ದು” ಎಂದ.

“ಆಟ ಆಡೋಕೆ ಅಷ್ಟೊಂದು ದುಡ್ಡಾ?” ಎಂದು ಅವನ ಅಜ್ಜಿ ಅಡುಗೆಮನೆಯಿಂದಲೇ ಕೇಳಿದಳು. ನಾನು ಬೇಡ ಎನ್ನಲಿಲ್ಲ. ದುಡ್ಡು ಅವನದು. ಆದರೆ ಒಂದು ಷರತ್ತು ಹಾಕಿದೆ: ಚೀಟಿಯ ಪ್ರತಿ ಸಾಲನ್ನೂ ನನಗೆ ತಿಳಿಯುವಂತೆ ವಿವರಿಸಬೇಕು, ಆಮೇಲೆ ಹಣ.

ಅವನು ವಿವರಿಸಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಅದು ಒಂದು ಗಡಿಯಾರದ ಟಿಕ್ ಟಿಕ್‌ಗೆ ತಕ್ಕಂತೆ ಹೆಜ್ಜೆ ಹಾಕುತ್ತದೆ. ಮೂಲ ಗಡಿಯಾರ 100 ಮೆಗಾಹರ್ಟ್ಸ್. ಅದನ್ನು 50ರಿಂದ ಗುಣಿಸಿದರೆ 5,000 ಮೆಗಾಹರ್ಟ್ಸ್, ಅಂದರೆ 5 ಗಿಗಾಹರ್ಟ್ಸ್. ಸೆಕೆಂಡಿಗೆ 500 ಕೋಟಿ ಟಿಕ್! ಕಂಪನಿ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಅದನ್ನು ಓಡಿಸುವುದೇ ಓವರ್‌ಕ್ಲಾಕಿಂಗ್.

ಈ ಹುಚ್ಚು ಹೊಸದೇನಲ್ಲ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂತು. ಅದರ ಗುಣಕ ನಾಲ್ಕೂವರೆ, ಮೂಲ ಗಡಿಯಾರ 66. ಹಾಗಾಗಿ ವೇಗ 300. ಜನ ಮೂಲ ಗಡಿಯಾರವನ್ನೇ 100ಕ್ಕೆ ಏರಿಸಿ ಅದನ್ನು 450ರಲ್ಲಿ ಓಡಿಸಿದರು. ಅಗ್ಗದ ಮಾಲಿನಿಂದ ದುಬಾರಿ ಮಾಲಿನ ಕೆಲಸ!

ಈಗ ಚೀಟಿಗೆ ಬರೋಣ. ಮೊದಲ ಸಾಲಿನಲ್ಲಿ ಇಂಟೆಲ್ ಪ್ರೊಸೆಸರ್, ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರ. ಕೆ ಇದ್ದರೆ ಗುಣಕದ ಬೀಗ ತೆರೆದಿದೆ ಎಂದರ್ಥ. ಅದಕ್ಕೆ ಬೆಲೆಯೂ ಹೆಚ್ಚು. ಎರಡನೇ ಸಾಲಿನಲ್ಲಿ ಮದರ್‌ಬೋರ್ಡ್, ‘ಬಿ’ ಸರಣಿಯದು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದವನು ನಾನು. “ಈ ಬೋರ್ಡು ಆ ಗುಣಕ ಏರಿಸೋಕೆ ಬಿಡುತ್ತೇನೋ?” ಎಂದು ಕೇಳಿದೆ. ಅವನು ಹುಡುಕಿ ನೋಡಿ ಸುಮ್ಮನಾದ. ಇಂಟೆಲ್‌ನಲ್ಲಿ ಪ್ರೊಸೆಸರಿನ ಗುಣಕ ಏರಿಸಬೇಕಾದರೆ ‘ಝಡ್’ ಸರಣಿಯ ಬೋರ್ಡು ಬೇಕು. ದುಡ್ಡು ಉಳಿಸಲೆಂದು ಅವನು ಬಿ ಬರೆದಿದ್ದ. ಬೀಗ ತೆರೆದ ಪೆಟ್ಟಿಗೆಗೆ ಹೆಚ್ಚು ಹಣ ಕೊಟ್ಟು, ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟ ಹಾಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆ ಕೇಳಿದ್ದೀರಲ್ಲ, ಇದೇ ಅದು.

ಝಡ್ ಬೋರ್ಡು ಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಹಣ ಸಾಲದು. ಆಟದ ಚಿತ್ರಗಳು ಸರಾಗವಾಗಿ ಓಡುವುದು ಹೆಚ್ಚಾಗಿ ಆ ಕಾರ್ಡಿನಿಂದಲೇ. ಅದಕ್ಕೆ ಕತ್ತರಿ ಹಾಕುವಂತಿಲ್ಲ. ಎರಡು ದಿನ ಲೆಕ್ಕ ಹಾಕಿದ ಮೇಲೆ ಅವನೇ ದಾರಿ ಕಂಡುಕೊಂಡ. ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರಿನಲ್ಲಿ ಕೆ ಅಕ್ಷರವಿಲ್ಲದೆಯೇ ಬೀಗ ತೆರೆದಿರುತ್ತದೆ. ಅದಕ್ಕೆ ಹೊಂದುವ ಬಿ650 ಬೋರ್ಡು ವೇಗ ಏರಿಸಲು ಬಿಡುತ್ತದೆ. ಅದಕ್ಕಿಂತ ಅಗ್ಗದ ಎ620 ಬಿಡುವುದಿಲ್ಲ. ಅಕ್ಷರ ಒಂದೇ ‘ಬಿ’, ಕಂಪನಿ ಬೇರೆಯಾದರೆ ಅರ್ಥ ಬೇರೆ. ಬೋರ್ಡಿನಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಅದರ ಮೇಲೆ ದಪ್ಪನೆಯ ಲೋಹದ ಹೊದಿಕೆ ಇರುವ ಬೋರ್ಡನ್ನೇ ಆರಿಸಿದ.

ಬಿಸಿಯ ಲೆಕ್ಕ ನನಗೆ ತುಂಬಾ ಹಿಡಿಸಿತು. ವೇಗ ಏರಿಸಿದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಖರ್ಚಾಗುವ ವಿದ್ಯುತ್ತು ವೇಗಕ್ಕೆ ತಕ್ಕಂತೆಯೂ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಬೆಳೆಯುತ್ತದೆ. ಎರಡನ್ನೂ ಶೇ 10 ಏರಿಸಿ ನೋಡಿ: 1.1 × 1.1 × 1.1 = 1.331. ಶೇ 10ರ ವೇಗಕ್ಕೆ ಶೇ 33ರ ಬಿಸಿ! ಇಷ್ಟು ಬಡ್ಡಿಗೆ ಯಾರಾದರೂ ಸಾಲ ತೆಗೆದುಕೊಳ್ಳುತ್ತಾರೆಯೇ?

ಅದೂ ನಮ್ಮ ಬಳ್ಳಾರಿಯಲ್ಲಿ. ಫ್ಯಾನ್ ಇರುವ ಕೂಲರ್ ಎಷ್ಟೇ ದೊಡ್ಡದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ರೊಸೆಸರ್ ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. 25 ಡಿಗ್ರಿಯ ಊರಿನಲ್ಲಿ ಅದು 75. ನಮ್ಮ 40 ಡಿಗ್ರಿಯ ಮಧ್ಯಾಹ್ನದಲ್ಲಿ 90. ಈ ಪ್ರೊಸೆಸರಿನ ಮಿತಿ 95. ಆದ್ದರಿಂದ ಬಣ್ಣದ ದೀಪ, ಗಾಜಿನ ಮುಖದ ಪೆಟ್ಟಿಗೆಯನ್ನು ಚೀಟಿಯಿಂದ ಹೊಡೆದುಹಾಕಿ, ಜಾಲರಿ ಮುಖದ ಪೆಟ್ಟಿಗೆ ಮತ್ತು ದೊಡ್ಡ ಕೂಲರ್ ಬರೆದೆವು.

ರಾತ್ರಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯೊಂದರಲ್ಲಿ ಕೊಟ್ಟ ಅಂದಾಜುಪಟ್ಟಿಯಲ್ಲಿ ಎಲ್ಲದಕ್ಕೂ ಕಂಪನಿಯ ಹೆಸರಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ: ‘ಎಸ್‌ಎಂಪಿಎಸ್ 650 ವ್ಯಾಟ್’ ಅಷ್ಟೇ. ಗೋಡೆಯ ಕರೆಂಟನ್ನು ತೆಗೆದುಕೊಂಡು ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ ಅದು. ಅದು ಕೆಟ್ಟರೆ ಜೊತೆಗಿರುವವರನ್ನೂ ಕೆಡಿಸಬಹುದು. “ಸಾರ್, ಎಲ್ಲ ಒಂದೇ” ಎಂದರು ಅಂಗಡಿಯವರು. ನನಗೆ ಒಪ್ಪಿಗೆಯಾಗಲಿಲ್ಲ. ಪಕ್ಕದ ಅಂಗಡಿಯಲ್ಲಿ ‘80 ಪ್ಲಸ್’ ಗುರುತು ಮತ್ತು ಐದು ವರ್ಷದ ವಾರಂಟಿ ಇದ್ದದ್ದನ್ನೇ ಕೊಂಡೆವು. ಗೋಡೆಯಿಂದ 100 ಎಳೆದರೆ ಕನಿಷ್ಠ 80 ಒಳಗೆ ತಲುಪಬೇಕು, ಉಳಿದದ್ದಷ್ಟೇ ಬಿಸಿಯಾಗಿ ಹೋಗಬೇಕು ಎನ್ನುವುದು ಆ ಗುರುತಿನ ಮಾತು.

ಮನೆಯಲ್ಲಿ ಅವನೇ ಜೋಡಿಸಿದ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಮೊದಲ ದಿನವೇ ಇನ್ನೊಂದು ಸಂಗತಿ ಕಂಡಿತು. 6000ದ ವೇಗದ್ದೆಂದು ಕೊಂಡ ಮೆಮೊರಿ 4800ರಲ್ಲಿ ಓಡುತ್ತಿತ್ತು. ಬಯೋಸ್ ಎಂಬ ಒಳ ಹೊಂದಿಕೆಯಲ್ಲಿ ‘ಎಕ್ಸ್‌ಪೋ’ ಎನ್ನುವುದನ್ನು ಆರಿಸಿದ ಮೇಲೆಯೇ ಪೂರ್ತಿ ವೇಗ ಬಂತು. ನಮಗೆ ಬರಬೇಕಾದ ಬಡ್ಡಿಯನ್ನೂ ಕೇಳಿಯೇ ಪಡೆಯಬೇಕು, ನೋಡಿ!

ಆಮೇಲೆ ಅವನು ದಿನಕ್ಕೊಂದು ಹೆಜ್ಜೆ ವೇಗ ಏರಿಸುತ್ತ, ಪ್ರತಿ ಸಲ ಒಂದು ಗಂಟೆ ಪರೀಕ್ಷೆ ನಡೆಸಿದ. ಹೀಗೆ ಮಿತಿ ಮೀರಿ ಓಡಿಸಿ ಕೆಟ್ಟರೆ ವಾರಂಟಿ ಸಿಗದೆ ಹೋಗಬಹುದು ಎಂದು ಮೊದಲೇ ಓದಿಕೊಂಡಿದ್ದ. ಡಿಸೆಂಬರಿನಲ್ಲಿ ಎಲ್ಲ ಚೆನ್ನಾಗಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ಆಟದ ನಡುವೆಯೇ ಪರದೆ ಗಕ್ಕನೆ ನಿಂತಿತು. ಅವನ ಮುಖ ಬಾಡಿತು. ನನ್ನ ಎದೆಯೂ ಧಸಕ್ಕೆಂದಿತು. ಹತ್ತು ವರ್ಷದ ಆರ್‌ಡಿ ಅಲ್ಲವೇ? ಆದರೆ ಏನೂ ಸುಟ್ಟಿರಲಿಲ್ಲ. ಎರಡು ಹೆಜ್ಜೆ ಇಳಿಸಿದ ಮೇಲೆ ಸರಿಹೋಯಿತು.

“ಸೋತೆ ಅನಿಸ್ತಾ?” ಎಂದು ಕೇಳಿದೆ.

“ಇಲ್ಲ ತಾತ, ಮಿತಿ ಎಲ್ಲಿದೆ ಅಂತ ಗೊತ್ತಾಯ್ತಲ್ಲ” ಎಂದ. ಅಂದಿನಿಂದ ಅವನ ಬಳಿ ಒಂದು ನೋಟ್‌ಪುಸ್ತಕವಿದೆ. ದಿನಾಂಕ, ವೇಗ, ವೋಲ್ಟೇಜ್, ಬಿಸಿ ಎಂದು ನಾಲ್ಕು ಕಲಮು. ಗೆರೆ ಎಳೆದುಕೊಟ್ಟವನು ನಾನೇ.

ಈ ವಾರದ ಲೆಕ್ಕ: ವೇಗವನ್ನೂ ವೋಲ್ಟೇಜನ್ನೂ ಶೇ 5 ಮಾತ್ರ ಏರಿಸಿದರೆ ಬಿಸಿ ಶೇಕಡ ಎಷ್ಟು ಹೆಚ್ಚುತ್ತದೆ? ಅಜ್ಜ ಅಜ್ಜಿಯ ಜೊತೆ ಕೂತು ಮಾಡಿ. ಉತ್ತರ ಮುಂದಿನ ವಾರ.