ಕಂಡದ್ದು, ಹಿಡಿದದ್ದು

ಕಣ್ಣಿಗೆ ಬಿದ್ದುದನ್ನೆಲ್ಲ ಯಂತ್ರದೊಳಗೆ ತುಂಬಿಕೊಳ್ಳುವ ಅಭ್ಯಾಸವು ಮನುಷ್ಯನ ನೋಟವನ್ನು ಹರಿತಗೊಳಿಸುವುದೋ ಮೊಂಡಾಗಿಸುವುದೋ ಎಂಬ ಪ್ರಶ್ನೆಯು, ಭಾದ್ರಪದದ ಒಂದು ಸಂಜೆ, ಮಂಡ್ಯದ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಏಳು ವರ್ಷದ ಮೊಮ್ಮಗಳೊಡನೆ ನಡೆಯುತ್ತಿದ್ದಾಗ ನನಗೆ ಎದುರಾಯಿತು. ಆಕೆಯ ಕೊರಳಲ್ಲಿ ಪುಟ್ಟ ಕ್ಯಾಮೆರಾ ತೂಗುತ್ತಿತ್ತು. ನಾಲೆಯ ನೀರು, ಕಬ್ಬಿನ ಗದ್ದೆ, ಮೇದು ಮರಳುತ್ತಿದ್ದ ಎಮ್ಮೆ, ತನ್ನದೇ ಉದ್ದನೆಯ ನೆರಳು, ಹೀಗೆ ಒಂದು ಫರ್ಲಾಂಗು ನಡೆಯುವಷ್ಟರಲ್ಲಿ ನಲವತ್ತು ಚಿತ್ರಗಳಾಗಿದ್ದುವು. “ಆ ಎಮ್ಮೆಯ ಕೊಂಬು ಹೇಗಿತ್ತಮ್ಮ?” ಎಂದು ಕೇಳಿದೆ. “ಇರು ತಾತ, ನೋಡಿ ಹೇಳ್ತೀನಿ” ಎಂದು ಆಕೆ ಕ್ಯಾಮೆರಾದ ಪರದೆಗೆ ಬಾಗಿದಳು. ಎಮ್ಮೆಯು ಇನ್ನೂ ನಮ್ಮ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿಯೇ ಹೋಗುತ್ತಿದ್ದಿತು.

ಈ ಆತಂಕವು ಹೊಸದೇನೂ ಅಲ್ಲ. ಅಕ್ಷರವನ್ನು ನೆಚ್ಚಿದವರು ಸ್ಮೃತಿಶಕ್ತಿಯನ್ನು ಕಳೆದುಕೊಳ್ಳುವರೆಂಬ ಆಕ್ಷೇಪವನ್ನು ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಈಜಿಪ್ಟಿನ ದೊರೆಯೊಬ್ಬನ ಬಾಯಲ್ಲಿ ಆಡಿಸಿದ್ದಾನೆ. ಅಕ್ಷರದ ಮೇಲೆ ಅಂದು ಹೊರಿಸಿದ ಅಪರಾಧವನ್ನೇ ಇಂದು ಛಾಯಾಚಿತ್ರದ ಮೇಲೆ ಹೊರಿಸುತ್ತಿದ್ದೇವೆ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದ ವಸ್ತುಗಳೇ ಜನರಿಗೆ ಕಡಮೆ ನೆನಪುಳಿದುವು. ಆದರೆ ವಸ್ತುವಿನ ಒಂದು ಅಂಶವನ್ನು ಆರಿಸಿಕೊಂಡು, ಅದನ್ನು ಹತ್ತಿರಕ್ಕೆ ತಂದು ಚಿತ್ರಿಸಿದಾಗ ಆ ನಷ್ಟವು ಕಾಣಲಿಲ್ಲ. ಚೌಕಟ್ಟಿನ ಹೊರಗುಳಿದ ಭಾಗವು ಕೂಡ ಮನಸ್ಸಿನಲ್ಲಿ ಉಳಿದಿತ್ತು. ಆದುದರಿಂದ ದೋಷವಿರುವುದು ಯಂತ್ರದಲ್ಲಿ ಅಲ್ಲ, ನೋಡುವ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗುವ ನಮ್ಮ ಅವಸರದಲ್ಲಿ.

36 ಚಿತ್ರಗಳ ರೀಲು ಇದ್ದ ಕಾಲದಲ್ಲಿ ಈ ಅವಸರವನ್ನು ಜೇಬೇ ತಡೆಯುತ್ತಿದ್ದಿತೆಂಬುದು ನಿಜ. ಆದರೆ ಬಡತನವು ಕಲಿಸಿದ ಮಿತವ್ಯಯವು ಬಡತನದೊಡನೆಯೇ ಹೊರಟುಹೋಗುತ್ತದೆ. ಮಗುವಿಗೆ ಬೇಕಾದುದು ತಾನಾಗಿ ಒಪ್ಪಿಕೊಂಡ ಸಂಯಮ. ನಾನು ಕ್ಯಾಮೆರಾವನ್ನು ಕಿತ್ತುಕೊಳ್ಳಲಿಲ್ಲ. “ಒಂದು ಪ್ರಶ್ನೆ ಹುಟ್ಟುವವರೆಗೂ ಗುಂಡಿ ಒತ್ತಬೇಡ” ಎಂದಷ್ಟೇ ಹೇಳಿದೆ.

ನೀರಿನ ಮೇಲಕ್ಕೆ ಬಾಗಿದ್ದ ಜಾಲಿಯ ಕೊಂಬೆಯಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದುವು. ಆಕೆ ಬಹಳ ಹೊತ್ತು ನಿಂತು ನೋಡಿ, “ತಾತ, ಅದೊಂದು ಗೂಡು ಯಾಕೆ ಅರ್ಧಕ್ಕೇ ನಿಂತಿದೆ?” ಎಂದಳು. ಗಂಡು ಗೀಜಗವು ಹುಲ್ಲಿನ ಎಳೆಗಳನ್ನು ಹೆಣೆದು, ಬೋರಲಿಟ್ಟ ಬುಟ್ಟಿಯಂತೆ ಗೂಡನ್ನು ಅರ್ಧಕ್ಕೆ ತಂದು ನಿಲ್ಲಿಸುವುದನ್ನೂ, ಹೆಣ್ಣು ಬಂದು ಪರೀಕ್ಷಿಸಿ ಮೆಚ್ಚಿದರೆ ಮಾತ್ರ ನಡುವಿನ ಅಡ್ಡಪಟ್ಟಿಯ ಒಂದು ಮಗ್ಗುಲು ಮೊಟ್ಟೆಯ ಕೋಣೆಯಾಗಿ, ಇನ್ನೊಂದು ಕೊಳವೆಯಂಥ ಬಾಗಿಲಾಗಿ ಬೆಳೆಯುವುದನ್ನೂ ಹೇಳಿದೆ. “ಹಾಗಾದರೆ ಇದನ್ನು ಅವಳು ಒಪ್ಪಲಿಲ್ಲ” ಎಂದು ಆಕೆ ಮೆಲ್ಲಗೆ ನುಡಿದಳು. ಅಷ್ಟರಲ್ಲಿ ಸೂರ್ಯನು ಇಳಿದಿದ್ದನು. ವಾಯುಮಂಡಲದೊಳಗೆ ದೀರ್ಘವಾದ ಹಾದಿಯನ್ನು ಕ್ರಮಿಸಿ, ತನ್ನ ನೀಲಾಂಶವನ್ನು ದಾರಿಯಲ್ಲಿಯೇ ಚೆದುರಿಸಿ ಬಂದ ಕೆಂಬೆಳಕು ಓರೆಯಾಗಿ ಬಿದ್ದು, ಗೂಡಿನ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ತೋರಿಸಿತು. ಆಗ ಆಕೆ ಒಂದೇ ಒಂದು ಚಿತ್ರವನ್ನು ತೆಗೆದಳು.

ರಾತ್ರಿ ಆ ಗೂಡನ್ನು ಅಜ್ಜಿಗೆ ಬಣ್ಣಿಸುವಾಗ ಆಕೆಗೆ ಕ್ಯಾಮೆರಾ ಬೇಕಾಗಲಿಲ್ಲ. ಎರಡು ಅಂಗೈಗಳನ್ನು ಬೋರಲು ಜೋಡಿಸಿ ತೋರಿಸಿದಳು. ಅನಂತರ ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಗೂಡಿನ ಒಳಮೈಗೆ ಹಕ್ಕಿ ಮೆತ್ತಿದ್ದ ಮಣ್ಣಿನ ಸಣ್ಣ ಉಂಡೆಯೊಂದು ಕಾಣಿಸಿತು. ಅಷ್ಟು ಹೊತ್ತು ನಿಂತು ನೋಡಿದ್ದರೂ ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. “ಮಣ್ಣು ಯಾಕೆ ತಾತ?” ಎಂಬ ಪ್ರಶ್ನೆ ಒಡನೆಯೇ ಎದ್ದಿತು. ಮೊದಲು ತಾನು ನೋಡಿದವನಿಗೆ ಯಂತ್ರವು ಇನ್ನಷ್ಟು ನೋಡಲು ಕೊಡುತ್ತದೆ. ನಾಳೆಯ ಸಂಜೆಗೆ ನಮಗೆ ಕೆಲಸವಿತ್ತು.