‘ಡಿದರ್’ ಬೈಗುಳವಾದ ಬಗೆ

2009ರ ಅಕ್ಟೋಬರಿನಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಡಿಕ್ ಚೆನಿ ಅಂದಿನ ಅಧ್ಯಕ್ಷ ಒಬಾಮ ಅವರನ್ನು ಒಂದೇ ಪದದಲ್ಲಿ ಚುಚ್ಚಿದರು. ಅಫ್ಗಾನಿಸ್ತಾನದ ವಿಷಯದಲ್ಲಿ ಶ್ವೇತಭವನ ‘ಡಿದರ್’ ಮಾಡುತ್ತಿದೆ, ಅಂದರೆ ಮೀನಮೇಷ ಎಣಿಸುತ್ತಿದೆ ಎಂಬುದು ಅವರ ಆರೋಪ. ಹೆಚ್ಚುವರಿ ಸೇನೆ ಕಳಿಸುವ ಬಗ್ಗೆ ಒಬಾಮ ಸಭೆಯ ಮೇಲೆ ಸಭೆ ನಡೆಸುತ್ತಿದ್ದರು. ಡಿಸೆಂಬರ್ 1ರಂದು 30,000 ಸೈನಿಕರನ್ನು ಕಳಿಸುವ ತೀರ್ಮಾನ ಹೊರಬಿತ್ತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಯುದ್ಧಕ್ಕೆ ಜನರನ್ನು ಕಳಿಸುವ ಮುನ್ನ ಕೆಲವು ವಾರ ಯೋಚಿಸಿದ್ದೇ ಅಪರಾಧವಾಯಿತಲ್ಲ!

ಹತ್ತು ವರ್ಷಗಳ ಬಳಿಕ ಬ್ರೆಕ್ಸಿಟ್ ಗದ್ದಲದಲ್ಲಿ ಬ್ರಿಟನ್ನಿನ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಇದೇ ಪದಕ್ಕೆ ‘ಡಿಲೇ’ಯನ್ನು ಗಂಟುಹಾಕಿ ಎದುರಾಳಿಗಳ ಮೇಲೆ ಬೀಸಿದರು. ಅನುಪ್ರಾಸ ಕೂಡಿಬಂತು, ವಾದ ಬೇಕಾಗಲಿಲ್ಲ.

ಪದದ ಮೂಲದಲ್ಲಿ ಈ ತಿರಸ್ಕಾರವಿಲ್ಲ. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ‘ಡಿಡರ್’ ಆಗಿತ್ತು. ಗಡಗಡ ನಡುಗುವುದು ಎಂದಷ್ಟೇ ಅದರ ಅರ್ಥ. 17ನೇ ಶತಮಾನದ ಹೊತ್ತಿಗೆ ನಡುವಿನ ‘ಡ’ ಮೆತ್ತಗಾಗಿ ‘ದ’ ಆಯಿತು. ಫಾದರ್, ಮದರ್ ಎಂಬ ಪದಗಳಲ್ಲೂ ಆದದ್ದು ಇದೇ. ನಿರ್ಧಾರಕ್ಕೆ ಬಾರದೆ ತೊಳಲಾಡುವುದು ಎಂಬ ಅರ್ಥ ಅಂಟಿಕೊಂಡದ್ದು ಬಹಳ ತಡವಾಗಿ.

ಹಳೆಯ ನಡುಕವನ್ನು ಉಳಿಸಿಕೊಂಡವರು ಎಂಜಿನಿಯರುಗಳು. ಭಾರೀ ಯಂತ್ರಗಳ ಹೈಡ್ರಾಲಿಕ್ ವಾಲ್ವು ಒಂದೆಡೆ ಸುಮ್ಮನೆ ನಿಂತರೆ ಘರ್ಷಣೆಯಿಂದ ಕಚ್ಚಿಕೊಳ್ಳುತ್ತದೆ. ಆಮೇಲೆ ಆಜ್ಞೆ ಬಂದಾಗ ಮೊದಲು ಅಲುಗದೆ, ಬಳಿಕ ಧಡಕ್ಕನೆ ಜಿಗಿಯುತ್ತದೆ. ಅದಕ್ಕೇ ಅದರ ವಿದ್ಯುತ್ತಿನಲ್ಲಿ ಸಣ್ಣ ಕಂಪನವೊಂದನ್ನು ಬೇಕೆಂದೇ ಬೆರೆಸುತ್ತಾರೆ. ಅದರ ಹೆಸರೇ ಡಿದರ್. ಸದಾ ತುಸು ನಡುಗುವ ವಾಲ್ವು ಹೇಳಿದ ತಕ್ಷಣ, ಹೇಳಿದಷ್ಟೇ ಸರಿಯುತ್ತದೆ.

ಸಂಗೀತದಲ್ಲಿ ಇದು ಇನ್ನೂ ಸೋಜಿಗ. ಸಿ.ಡಿ.ಯಲ್ಲಿ ಧ್ವನಿಯ ಪ್ರತಿ ಮಾದರಿಯನ್ನೂ 65,536 ಮೆಟ್ಟಿಲುಗಳಲ್ಲಿ ಯಾವುದಾದರೊಂದಕ್ಕೆ ಹೊಂದಿಸಬೇಕು. ಹಾಡು ಮುಗಿಯುತ್ತ ಸ್ವರ ಸಣ್ಣಗಾದಂತೆ ಅದು ಮೆಟ್ಟಿಲುಗಳ ನಡುವೆ ಸಿಕ್ಕಿ ಕರ್ಕಶವಾಗಿ ಒಡೆಯುತ್ತದೆ. ಹೊಂದಿಸುವ ಮುನ್ನ ಗೊತ್ತುಗುರಿಯಿಲ್ಲದ ಸಣ್ಣ ಗದ್ದಲವನ್ನು ಸೇರಿಸಿದರೆ ಆ ಕರ್ಕಶತೆ ಮೆಲುವಾದ ‘ಸ್ಸ್’ ಆಗಿ ಕರಗುತ್ತದೆ. ಒಂದು ಮೆಟ್ಟಿಲಿಗಿಂತ ಕ್ಷೀಣವಾದ ಸ್ವರವೂ ಕಿವಿಗೆ ದಕ್ಕುತ್ತದೆ. ಚಿತ್ರಗಳಿಗೆ ಬಂದರೆ, 1976ರಲ್ಲಿ ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಪ್ರಕಟಿಸಿದ ವಿಧಾನವೂ ಡಿದರ್ ಬಳಗದ್ದೇ. ಬರೀ ಕಪ್ಪು–ಬಿಳಿ ಚುಕ್ಕಿಗಳಲ್ಲಿ ಬೂದುಬಣ್ಣದ ಛಾಯೆಗಳನ್ನು ಮೂಡಿಸುವ ಉಪಾಯ ಅದು.

ಹಾಗೆಂದು ಕಡತದ ಮೇಲೆ ಕೂತು ನಿದ್ದೆ ಮಾಡುವ ಸರ್ಕಾರಕ್ಕೆ ಈ ವಿಜ್ಞಾನ ರಕ್ಷಣೆ ಕೊಡದು. ಎಂಜಿನಿಯರರ ನಡುಕಕ್ಕೆ ಅಳತೆಯಿದೆ, ಉದ್ದೇಶವಿದೆ. ಅಳತೆ ಮೀರಿದರೆ ಯಂತ್ರವೇ ಸವೆಯುತ್ತದೆ. ವರ್ಷಗಟ್ಟಲೆ ಅಲುಗದ ಕಡತ ಕಚ್ಚಿಕೊಂಡ ವಾಲ್ವು. ಅದನ್ನು ‘ಡಿದರಿಂಗ್’ ಎನ್ನುವುದು ಪದಕ್ಕೆ ಮಾಡುವ ಅನ್ಯಾಯ. ಅದರ ಪಕ್ಕದಲ್ಲೇ, ಎರಡೂ ಕಡೆಯವರನ್ನು ಕರೆದು ಕೇಳಿ, ಮೊದಲ ಕರಡನ್ನು ಹರಿದು ಮತ್ತೆ ಬರೆಸುವ ಮಂತ್ರಿಗೂ ಪುಕ್ಕಲನೆಂಬ ಹಣೆಪಟ್ಟಿ ಬೀಳುತ್ತಿದೆ. ಟಿ.ವಿ. ಚರ್ಚೆಯಲ್ಲಿ ಇವರಿಬ್ಬರನ್ನು ಬೇರೆಮಾಡಿ ನೋಡುವ ವ್ಯವಧಾನ ಯಾವ ನಿರೂಪಕರಿಗೂ ಇದ್ದಂತಿಲ್ಲ.